ನೀಲವ್ವನ ಬಿಲ್ಲೆ

ಇದನ್ನು ಬೇರೆ ಯಾರಾದರೂ ಬರೆದಿದ್ದರೆ ಓದಿ ನಗುವವರಲ್ಲಿ ನಾನೇ ಮೊದಲಿನವಳಾಗಿರುತ್ತಿದ್ದೆ. ದೆವ್ವ, ಗಾಳಿ, ಮೈಮೇಲೆ ಬರುವುದು, ನಿಧಿ ಕಾಯುವ ಹಾವು, ಇಂಥ ಮಾತು ಶುರುವಾದ ಕೂಡಲೇ ಎದ್ದು ಹೋಗುವ ಸ್ವಭಾವ ನನ್ನದು. ನಾನು ಬೆಳೆದದ್ದು ನವಲಗುಂದದಲ್ಲಿ, ಸ್ಮಶಾನದ ಬಾಜುವಿನ ಒಂದು ಬಾಡಿಗೆ ಮನೆಯಲ್ಲಿ. ಹದಿನೆಂಟು ವರ್ಷ ಅಲ್ಲಿದ್ದೆವು. ಅಷ್ಟು ವರ್ಷಗಳಲ್ಲಿ ಸತ್ತವರು ಯಾರೂ ನಮಗೆ ತೊಂದರೆ ಕೊಡಲಿಲ್ಲ, ಪಕ್ಕದ ಮನೆಯವರ ರೇಡಿಯೋ ಮಾತ್ರ ಕೊಡುತ್ತಿತ್ತು.

ಈಗಲೂ ನಾನು ಬದಲಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಸಂಗತಿ ತಿಳಿದವರಲ್ಲಿ ಎರಡು ಪಂಗಡದವರು ನನ್ನ ಬೆನ್ನು ಹತ್ತಿದ್ದಾರೆ. ಒಬ್ಬರು, ಈಗಾದರೂ ಒಪ್ಪಿಕೋ, ಎಲ್ಲವೂ ಇದೆ ಎನ್ನುತ್ತಾರೆ. ಇನ್ನೊಬ್ಬರು, ನಿನಗೆ ಭ್ರಮೆಯಾಗಿತ್ತು ಎನ್ನುತ್ತಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ನಾನು ಕಂಡದ್ದನ್ನು ಕಂಡೆ. ಅದು ಹೇಗಾಯಿತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ನನ್ನ ಬಾಯಿಂದ ಹೇಳಿಸಲು ಇದುವರೆಗೆ ಯಾರಿಂದಲೂ ಆಗಿಲ್ಲ.

ಎಂಬತ್ತರ ದಶಕದ ನಡುವಿನ ಮಾತು. ನಾನು ಶಲವಡಿಯ ಈರಪ್ಪನವರನ್ನು ಮದುವೆಯಾದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಅವರ ಮೊದಲ ಹೆಂಡತಿ ನೀಲವ್ವ ಮದುವೆಯಾಗಿ ಎರಡು ವರ್ಷಕ್ಕೆ ಜ್ವರ ಬಂದು ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಆ ವಯಸ್ಸಿನ ಹೆಣ್ಣಿಗೆ ಎರಡನೇ ಸಂಬಂಧವಲ್ಲದೆ ಇನ್ನೇನು ಸಿಗುತ್ತದೆ ಎಂದು ಜನ ಆಡಿಕೊಂಡರು. ನಾನು ಮಾತ್ರ ಆ ಮನುಷ್ಯ ಮಾತು ಕಡಿಮೆ ಆಡುತ್ತಾರೆ, ನಗುವಾಗ ಬಾಯಿ ತುಂಬ ನಗುತ್ತಾರೆ ಎಂಬ ಎರಡೇ ಕಾರಣಕ್ಕೆ ಒಪ್ಪಿದ್ದೆ. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅತ್ತೆ ಫಕೀರವ್ವ. ಯಮನೂರಿನ ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗಳೆಂದು ಅವರಿಗೆ ಆ ಹೆಸರಿಟ್ಟಿದ್ದರಂತೆ. ಕೊರಳಲ್ಲಿ ಲಿಂಗ, ಬೆಳಿಗ್ಗೆ ಎದ್ದರೆ ವಿಭೂತಿ, ವರ್ಷಕ್ಕೊಮ್ಮೆ ಯಮನೂರಿಗೆ ಹೋಗಿ ಸಕ್ಕರೆಗೆ ಫಾತೇಹಾ ಓದಿಸುವುದು. ಎಲ್ಲವೂ ಅವರಿಗೆ ಸಲೀಸಾಗಿ ಒಂದರ ಪಕ್ಕ ಒಂದು ಕೂಡುತ್ತಿತ್ತು. ನಾನೊಬ್ಬಳು ಮಾತ್ರ ಕೂಡಲಿಲ್ಲ.

ಜಗಳ ಹತ್ತಿದ್ದು ಒಂದು ಬೆಳ್ಳಿ ಬಿಲ್ಲೆಗಾಗಿ. ನಮ್ಮ ಮಾವನವರ ತಂದೆಯ ಕಾಲದಲ್ಲಿ, ಜೋಳ ತುಂಬಿಡುವ ನೆಲದೊಳಗಿನ ಹಗೇವನ್ನು ದೊಡ್ಡದು ಮಾಡಲು ಅಗೆದಾಗ ಒಂದು ಹಿಡಿ ಹಳೆಯ ಬೆಳ್ಳಿ ನಾಣ್ಯ ಸಿಕ್ಕಿದ್ದವಂತೆ. ಕೆಲವನ್ನು ಪತ್ತಾರನಿಗೆ ಕೊಟ್ಟು ಲಿಂಗದ ಕರಡಿಗೆ ಮಾಡಿಸಿದರು. ಉಳಿದವಕ್ಕೆ ಒಂದೊಂದು ಕೊಂಡಿ ಬೆಸೆಸಿ, ಮನೆಗೆ ಬಂದ ಸೊಸೆಯರ ಕೊರಳಿಗೆ ಕರಿದಾರದಲ್ಲಿ ಕಟ್ಟುವ ರೂಢಿ ಮಾಡಿದರು. ಸೊಸೆ ಸತ್ತರೆ ಅಥವಾ ಗಂಡನನ್ನು ಕಳೆದುಕೊಂಡರೆ ಬಿಲ್ಲೆ ಮರಳಿ ದೇವರ ಕೋಣೆಯ ಪೆಟ್ಟಿಗೆಗೆ ಬರಬೇಕು. ಹಾಗೆ ಬಂದ ಐದು ಬಿಲ್ಲೆಗಳು ಆ ಪೆಟ್ಟಿಗೆಯಲ್ಲಿದ್ದವು. ಒಂದು ಅತ್ತೆಯದೇ, ಒಂದು ನೀಲವ್ವನದು, ಉಳಿದವು ಹಿಂದಿನ ಕಾಲದ ಹೆಂಗಸರವು. ಪೆಟ್ಟಿಗೆಯ ಕೀಲಿ ಅತ್ತೆಯ ಎಲೆ ಅಡಿಕೆ ಸಂಚಿಯಲ್ಲಿ, ಸಂಚಿ ಅವರ ಸೊಂಟದಲ್ಲಿ. ಸ್ನಾನಕ್ಕೆ ಹೋಗುವಾಗಲೂ ಅದನ್ನು ಬಿಡುತ್ತಿರಲಿಲ್ಲ.

ಎರಡನೆಯ ಹೆಂಡತಿಗೆ ಮಾತ್ರ ಬೇರೆ ರೂಢಿ. ಅವಳು ಸತ್ತ ಸವತಿಯ ಬಿಲ್ಲೆಯನ್ನೇ ಕಟ್ಟಿಕೊಳ್ಳಬೇಕು. ದಿನಾ ಅದಕ್ಕೆ ಕುಂಕುಮ ಹಚ್ಚಬೇಕು, ಉಣ್ಣುವ ಮೊದಲು ಮೊದಲ ತುತ್ತನ್ನು ಅದಕ್ಕೆ ತೋರಿಸಬೇಕು, ಹೊಸ ಸೀರೆ ಉಡುವ ಮೊದಲು ಅದಕ್ಕೆ ಮುಟ್ಟಿಸಬೇಕು. ಹೀಗೆ ಮಾಡಿದರೆ ಸತ್ತವಳು ಸಿಟ್ಟಾಗುವುದಿಲ್ಲವಂತೆ. ಮದುವೆಯ ಮರುದಿನ ಅತ್ತೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬಿಲ್ಲೆ ತೆಗೆದು ನನ್ನ ಮುಂದೆ ಹಿಡಿದರು. ನಾನು ಕಟ್ಟಿಕೊಳ್ಳುವುದಿಲ್ಲ ಎಂದೆ. ನನಗೂ ನೀಲವ್ವನಿಗೂ ಯಾವ ಜಗಳವೂ ಇರಲಿಲ್ಲ, ಅವಳನ್ನು ನಾನು ನೋಡಿಯೂ ಇರಲಿಲ್ಲ. ಸತ್ತ ಹುಡುಗಿಯೊಬ್ಬಳನ್ನು ಹೊಟ್ಟೆಕಿಚ್ಚಿನವಳೆಂದು ನಂಬಿ ದಿನಾ ಊಟ ತೋರಿಸಿ ಸಮಾಧಾನ ಮಾಡುವುದು ಅವಳಿಗೂ ಅವಮಾನ, ನನಗೂ ಅವಮಾನ ಎಂದು ನನಗೆ ಅನ್ನಿಸಿತ್ತು. ಹಾಗೆಯೇ ಹೇಳಿದೆ.

ಅಲ್ಲಿಂದ ಒಂದು ವರ್ಷ ಮನೆಯಲ್ಲಿ ಏನು ಕೆಟ್ಟರೂ ನೀಲವ್ವನ ಹೆಸರು. ಹಾಲು ಒಡೆದರೆ ನೀಲವ್ವ, ಎಮ್ಮೆ ಒದ್ದರೆ ನೀಲವ್ವ, ನನಗೆ ಮುಟ್ಟು ತಪ್ಪದಿದ್ದರೂ ನೀಲವ್ವ. ಈರಪ್ಪ ನಡುವೆ ಸಿಕ್ಕಿಕೊಂಡು ಎತ್ತುಗಳಿಗೆ ಮೇವು ಹಾಕುವ ನೆಪದಲ್ಲಿ ಹೊರಗೆ ಹೋಗಿಬಿಡುತ್ತಿದ್ದರು. ನಾನೂ ಬಗ್ಗಲಿಲ್ಲ, ಅತ್ತೆಯೂ ಬಗ್ಗಲಿಲ್ಲ.

ಆದರೆ ಬಿಲ್ಲೆಗಳ ಮೇಲೆ ನನಗೆ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಅವುಗಳನ್ನು ಕಂಡರೆ ಆಸೆಯಾಗುತ್ತಿತ್ತು. ಆ ವರ್ಷದ ದೀಪಾವಳಿಯಲ್ಲಿ ಅತ್ತೆ ಐದನ್ನೂ ತೊಳೆದು ಲಕ್ಷ್ಮಿಯ ಮುಂದೆ ಇಟ್ಟಾಗ, ನಾನು ಶಾಲೆಯ ಮಕ್ಕಳಂತೆ ಕಾಗದದ ಕೆಳಗೆ ಒಂದೊಂದನ್ನೇ ಇಟ್ಟು ಪೆನ್ಸಿಲ್ ತಿಕ್ಕಿ ನೋಟುಪುಸ್ತಕದಲ್ಲಿ ಐದರ ಪಡಿಯಚ್ಚು ತೆಗೆದುಕೊಂಡೆ. ಧಾರವಾಡದಲ್ಲಿ ಇತಿಹಾಸ ಕಲಿಸುವ, ನನಗೆ ಪರಿಚಯವಿದ್ದ ಒಬ್ಬ ಉಪನ್ಯಾಸಕರಿಗೆ ಅದನ್ನು ತೋರಿಸಿದೆ. ಅವರು ಹೇಳಿದ್ದು ಇಷ್ಟು. ಇವು ಗುಲಬರ್ಗಾ ಕಡೆಯ ಸುಲ್ತಾನರ ಕಾಲದ ಬೆಳ್ಳಿ ಟಂಕಗಳು. ಆಗ ನಮ್ಮ ಸೀಮೆ ಎರಡು ರಾಜ್ಯಗಳ ನಡುವಿನ ಗಡಿ. ಈ ಗಡಿ ಪ್ರಾಂತದಲ್ಲೇ ಎಲ್ಲೋ, ದಂಡಿನವರಿಗೆ ಸಂಬಳ ಕೊಡಲು ಅವಸರದಲ್ಲಿ ಹೊಡೆದವು ಇರಬೇಕು, ಯಾಕೆಂದರೆ ಕೆಲಸ ಒರಟು. ಊರ ಹೆಸರು ಬರಬೇಕಾದ ಕಡೆ ಬೆಳ್ಳಿಯೇ ಇಲ್ಲ.

ಹೊಡೆಯುವುದೆಂದರೆ ಹೇಗೆ ಎಂದು ಕೇಳಿದೆ. ಅವರು ಬಿಡಿಸಿ ಹೇಳಿದರು. ಬೆಳ್ಳಿಯ ತುಂಡನ್ನು ಕಾಯಿಸಿ, ಕೆಳಗೊಂದು ಅಚ್ಚು ಮೇಲೊಂದು ಅಚ್ಚು ಇಟ್ಟು ಸುತ್ತಿಗೆಯಿಂದ ಏಟು ಹಾಕುತ್ತಿದ್ದರು. ಏಟು ಓರೆಯಾದರೆ ಅಕ್ಷರ ಬಿಲ್ಲೆಯಿಂದ ಆಚೆ ಹೋಗುತ್ತಿತ್ತು. ಹೀಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ. ಅಚ್ಚಿನಲ್ಲಿ ಅಕ್ಷರ ತಿರುವಾಗಿ, ಒಳಕ್ಕೆ ಕೊರೆದಿರುತ್ತದೆ. ಆಗ ನಾಣ್ಯದ ಮೇಲೆ ಸರಿಯಾಗಿ, ಉಬ್ಬಿ ಮೂಡುತ್ತದೆ. ನಾಣ್ಯಗಳ ಅಂಚಿನಲ್ಲಿದ್ದ ಕಚ್ಚುಗಳು ಸರಾಫರು ಒಳಗೆ ತಾಮ್ರ ಇದೆಯೇ ಎಂದು ಉಳಿ ಹಾಕಿ ನೋಡಿದ ಗುರುತುಗಳು. ಐದರಲ್ಲೂ ಕಚ್ಚು ಬೇರೆ ಬೇರೆ ಜಾಗದಲ್ಲಿತ್ತು. ಈ ಎರಡು ಮಾತು, ಉಬ್ಬು ಮತ್ತು ಕಚ್ಚು, ಓದುಗರು ನೆನಪಿಟ್ಟುಕೊಂಡರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಶಿವರಾತ್ರಿ ಮುಗಿದ ಮೇಲೆ ಒಂದು ದಿನ ನೀಲವ್ವನ ತಾಯಿ ಗಂಗವ್ವ ಯರಗುಪ್ಪಿಯಿಂದ ಬಸ್ಸು ಬದಲಿಸಿ ಬದಲಿಸಿ ನಮ್ಮ ಊರಿಗೆ ಬಂದಳು. ಕಣ್ಣಿಗೆ ಪೊರೆ ಬಂದಿತ್ತು, ಕಟ್ಟೆಯ ಅಂಚನ್ನು ಕೈಯಿಂದ ಹುಡುಕಿ ಕೂತಳು. ನಾನು ಕೊಟ್ಟ ನೀರು ಕುಡಿದು, ನೀನೇನು ಈಗಿನಾಕಿ ಎಂದು ಕೇಳಿದಳು. ಹೌದೆಂದೆ. ನಾನು ಬಿಲ್ಲೆ ಕಟ್ಟಿಕೊಂಡಿಲ್ಲವೆಂಬ ಸುದ್ದಿ ಅವಳವರೆಗೂ ಹೋಗಿತ್ತು. ಬೈಯಲು ಬಂದಿದ್ದಾಳೆ ಎಂದುಕೊಂಡು ನಾನು ಸೆಟೆದು ನಿಂತೆ. ಅವಳು ಬೈಯಲಿಲ್ಲ. ಅತ್ತೆಯ ಕಡೆ ಮುಖ ತಿರುಗಿಸಿ ಹೇಳಿದಳು.

"ಈಕಿ ಕಟ್ಕೊಳ್ಳೂದಿಲ್ಲಂದ್ರ ಅದನ್ನ ನನಗ ಕೊಡ್ರಿ. ಮಗಳದು ಒಂದು ಫೋಟೋ ಸೈತ ಇಲ್ಲ ನನ್ನ ಹತ್ರ. ಮಣ್ಣೂ ಇಲ್ಲೇ ಆತು. ಕೈಯಾಗ ಹಿಡ್ಯಾಕ ಏನರ ಒಂದು ಬೇಕಲ್ರಿ."

ಅತ್ತೆ ಕೊಡುವುದಿಲ್ಲ ಎಂದರು. ಮನೆಯ ಬೆಳ್ಳಿ ಸೊಸೆಯ ಕೊರಳಲ್ಲಲ್ಲದೆ ಹೊಸ್ತಿಲು ದಾಟುವುದಿಲ್ಲ, ದಾಟಿದರೆ ಮನೆಗೆ ಒಳ್ಳೆಯದಲ್ಲ ಎಂದರು. ಕಡೆಗೆ ಅವಳು ಒಮ್ಮೆ ಮುಟ್ಟಿ ನೋಡುತ್ತೇನೆ ಎಂದರೂ ಪೆಟ್ಟಿಗೆ ತೆರೆಯಲಿಲ್ಲ. ಗಂಗವ್ವ ಊಟಕ್ಕೂ ನಿಲ್ಲದೆ ಸಂಜೆಯ ಬಸ್ಸಿಗೆ ಹೋದಳು. ಬಸ್ಸಿನವರೆಗೆ ಕೈ ಹಿಡಿದು ಕರೆದುಕೊಂಡು ಹೋದವಳು ನಾನು. ಅವಳ ಹೆಬ್ಬೆರಳು ದಾರಿಯುದ್ದಕ್ಕೂ ನನ್ನ ಕೈಯನ್ನು ಸವರುತ್ತಿತ್ತು, ಅದು ಅವಳ ಅಭ್ಯಾಸ ಎಂದು ಆಗ ನನಗೆ ತಿಳಿಯಲಿಲ್ಲ.

ಮನೆಗೆ ಬಂದು ನಾನು ಸುಮ್ಮನಿರಲಿಲ್ಲ. ನನ್ನ ಕೊರಳಿಗೆ ಬೇಡವಾದದ್ದು ಅವಳ ಕೈಗೆ ಬೇಕಾಗಿದೆ, ಕೊಟ್ಟರೆ ಏನು ಗಂಟು ಹೋಗುತ್ತದೆ ಎಂದು ಅತ್ತೆಯ ಮೇಲೆ ಏರಿಹೋದೆ. ಮಾತಿಗೆ ಮಾತು ಬೆಳೆದು ಕಡೆಗೆ ಅತ್ತೆ ಬಾಯಿಬಿಟ್ಟರು. ನೀಲವ್ವ ಸತ್ತ ವರ್ಷದ ದೀಪಾವಳಿಯಲ್ಲಿ ಅವರು ಐದೂ ಬಿಲ್ಲೆಗಳನ್ನು ದಾರ ಬಿಚ್ಚಿ ಒಂದೇ ಬಟ್ಟಲಲ್ಲಿ ಹುಣಸೆಹಣ್ಣು ಹಾಕಿ ನೆನೆಸಿಟ್ಟಿದ್ದರಂತೆ. ತೊಳೆದು ತೆಗೆದಾಗ ಯಾವುದು ಯಾರದೆಂದು ತಿಳಿಯಲಿಲ್ಲ. ಯಾರಿಗೂ ಹೇಳದೆ ಕೈಗೆ ಸಿಕ್ಕಿದ ಒಂದನ್ನು ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದರು.

ನನಗೆ ಸಿಟ್ಟೂ ಬಂತು, ನಗೆಯೂ ಬಂತು. ಒಂದು ವರ್ಷ ನನ್ನ ಕೊರಳಿಗೆ ಕಟ್ಟಲು ಹೊರಟಿದ್ದು ಯಾರನ್ನು ಹಾಗಾದರೆ, ನಿಮ್ಮ ಅತ್ತೆಯನ್ನೋ ಎಂದು ಕೇಳಿದೆ. ಯಾವುದಾದರೇನು, ಹೆಸರು ಹೇಳಿ ಕಟ್ಟಿದರೆ ಆಯಿತು ಎಂದು ಅವರು ಮುಖ ತಿರುಗಿಸಿದರು. ಆದರೆ ಅವರ ದನಿ ಇಳಿದಿತ್ತು. ಗಂಗವ್ವನಿಗೆ ಪೆಟ್ಟಿಗೆ ತೆರೆಯದಿದ್ದುದಕ್ಕೆ ಕಾರಣ ಹೊಸ್ತಿಲಲ್ಲ, ಈ ಹುಣಸೆಹಣ್ಣು ಎಂದು ನನಗೆ ಖಾತ್ರಿಯಾಯಿತು. ತಪ್ಪು ಬಿಲ್ಲೆ ಕೊಟ್ಟು ಆ ಮುದುಕಿಗೆ ಮೋಸ ಮಾಡಲು ನನಗೂ ಮನಸ್ಸಿರಲಿಲ್ಲ. ಸರಿಯಾದದ್ದು ಯಾವುದೆಂದು ತಿಳಿಯುವ ದಾರಿ ಇರಲಿಲ್ಲ. ಈರಪ್ಪನನ್ನು ಕೇಳಿದರೆ ಹೆಂಡತಿಯ ಕೊರಳಿನ ಬಿಲ್ಲೆಯ ಕಚ್ಚು ಎಲ್ಲಿತ್ತೆಂದು ಯಾವ ಗಂಡ ನೋಡಿರುತ್ತಾನೆ ಎಂದರು. ಅದೂ ನಿಜವೇ.

ಯುಗಾದಿ ಹತ್ತಿರ ಬಂತು. ನಮ್ಮ ಕಡೆ ಆಗ ಮನೆ ಸಾರಿಸಿ ಹೊಸ ಒಲೆ ಹಾಕುತ್ತಾರೆ. ಮಣ್ಣಿನ ಒಲೆ ಹಾಕುವುದು ಎಲ್ಲರಿಗೂ ಬರುವ ಕೆಲಸವಲ್ಲ, ನಮ್ಮ ಅತ್ತೆ ಅದರಲ್ಲಿ ಹೆಸರಾದವರು. ಸುಣ್ಣದ ಕಡ್ಡಿ ಹಿಡಿಯುವ ಕೈಗೆ ಒಲೆ ಬರುವುದಿಲ್ಲ ಎಂದು ಅವರು ನನ್ನನ್ನು ಆಡಿಕೊಂಡಿದ್ದರು. ಆ ಭಾನುವಾರ ಅವರು ಈರಪ್ಪನನ್ನು ಕರೆದುಕೊಂಡು ಚಕ್ಕಡಿಯಲ್ಲಿ ಯಮನೂರಿಗೆ ಹೋದರು. ಅವರು ಓಣಿ ದಾಟುವುದನ್ನೇ ಕಾಯುತ್ತಿದ್ದ ನಾನು ಸೆರಗು ಬಿಗಿದು ಕೆರೆಯ ಮಣ್ಣಿಗೆ ಹೊಟ್ಟು, ಬೂದಿ ಕಲಸಿ ತುಳಿದೆ. ಒಲೆ ಸ್ವಲ್ಪ ಎಡಕ್ಕೆ ವಾಲಿತು, ಆದರೂ ಒಲೆಯೇ. ನೀರು ಮುಟ್ಟಿಸಿದ ಅಂಗೈಯಿಂದ ಮೇಲೆಲ್ಲ ಸವರಿ ನುಣ್ಣಗೆ ಮಾಡಿದೆ. ಮುಂಭಾಗದ ಗೋಡೆಯನ್ನಂತೂ ನಾಲ್ಕು ಸಲ ಸವರಿದೆ, ಅತ್ತೆಯ ಕಣ್ಣು ಮೊದಲು ಬೀಳುವುದು ಅಲ್ಲಿಗೆ ಎಂದು.

ಕೋಳಿಗಳು ಹಸಿ ಮಣ್ಣಿನ ಮೇಲೆ ಓಡಾಡಬಾರದೆಂದು ಅಡುಗೆ ಮನೆಯ ಬಾಗಿಲು ಮುಂದೆ ಮಾಡಿ ಚಿಲಕ ಹಾಕಿದೆ. ಆ ಕೋಣೆಗೆ ಅದೊಂದೇ ಬಾಗಿಲು. ಕೈಕಾಲು ತೊಳೆದು, ಪಡಸಾಲೆಯಲ್ಲಿ ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತು ನಾಲ್ಕನೇ ಇಯತ್ತೆಯ ಪರೀಕ್ಷೆಯ ಪೇಪರು ತಿದ್ದತೊಡಗಿದೆ. ಬಿಸಿಲು ಚುರುಗುಟ್ಟುತ್ತಿತ್ತು. ಓಣಿಯಲ್ಲಿ ನರಪಿಳ್ಳೆ ಇರಲಿಲ್ಲ. ನಾನು ನಿದ್ದೆ ಮಾಡಲಿಲ್ಲ. ಇದನ್ನು ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ, ಆ ಮಧ್ಯಾಹ್ನ ಮೂವತ್ತೆಂಟು ಪೇಪರು ತಿದ್ದಿದ್ದೇನೆ, ನಿದ್ದೆಗಣ್ಣಿನಲ್ಲಿ ತಿದ್ದಿದ್ದರೆ ಮುಖ್ಯೋಪಾಧ್ಯಾಯರು ಮರುದಿನವೇ ಹಿಡಿಯುತ್ತಿದ್ದರು.

ನಾಲ್ಕು ಗಂಟೆಯ ಸುಮಾರಿಗೆ ಒಲೆ ಎಷ್ಟು ಆರಿದೆ ನೋಡೋಣವೆಂದು ಚಿಲಕ ತೆಗೆದೆ. ಬೆಳಕಿಂಡಿಯ ಬಿಸಿಲು ಒಲೆಯ ಮುಂಭಾಗಕ್ಕೆ ಬಿದ್ದಿತ್ತು. ನಾನು ನಾಲ್ಕು ಸಲ ಸವರಿದ ಆ ಜಾಗದ ನಟ್ಟನಡುವೆ ಒಂದು ಬಿಲ್ಲೆ ಇತ್ತು. ಯಾರೋ ಬೆಳ್ಳಿ ಬಿಲ್ಲೆಯನ್ನು ಮಣ್ಣಿಗೆ ಅಂಟಿಸಿದ್ದಾರೆ ಎಂದೇ ಮೊದಲು ತಿಳಿದೆ. ಕಿತ್ತು ತೆಗೆಯಲು ಉಗುರು ಹಾಕಿದೆ. ಅದು ಮಣ್ಣೇ. ಒಲೆಯ ಮಣ್ಣೇ ಬಿಲ್ಲೆಯಾಗಿ ಎದ್ದಿತ್ತು. ದುಂಡನೆಯ ಅಂಚು, ಅದರ ಮೇಲೆ ಉಬ್ಬಿದ ಅಕ್ಷರಗಳ ಸಾಲು, ಏಟು ಓರೆಯಾಗಿ ಒಂದು ಕಡೆ ಬೋಳಾದ ಜಾಗ, ಕೆಳಗೆ ಬಲಕ್ಕೆ ಉಳಿಯ ಕಚ್ಚು. ಸುತ್ತ ಬೆರಳ ಗುರುತಿಲ್ಲ, ನೆಲದ ಮೇಲೆ ಹೆಜ್ಜೆಯಿಲ್ಲ, ಸವರಿದ ನುಣುಪು ಹಾಗೆಯೇ ಇತ್ತು.

ಹೆದರಿದೆ. ಅದನ್ನು ಮುಚ್ಚಿಡುವುದಿಲ್ಲ. ಅಂಗಳಕ್ಕೆ ಓಡಿ ಬಂದು ಬಿಸಿಲಿನಲ್ಲಿ ನಿಂತೆ. ಸ್ವಲ್ಪ ಹೊತ್ತಿಗೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಒಳಗೆ ಹೋಗಿ ನೋಟುಪುಸ್ತಕ ತಂದು ದೀಪಾವಳಿಯಲ್ಲಿ ತೆಗೆದ ಪಡಿಯಚ್ಚುಗಳನ್ನು ಒಲೆಯ ಪಕ್ಕ ಹಿಡಿದೆ. ನಾಲ್ಕು ಹೊಂದಲಿಲ್ಲ. ಎರಡನೆಯ ಪುಟದ ಕೆಳಗಿನದು ಕಚ್ಚಿಗೆ ಕಚ್ಚು, ಅಕ್ಷರಕ್ಕೆ ಅಕ್ಷರ ಹೊಂದಿತು.

ಹೊತ್ತು ಮುಳುಗುವ ಮೊದಲು ಅವರಿಬ್ಬರೂ ಬಂದರು. ನಾನು ಏನನ್ನೂ ಹೇಳದೆ ಪೆಟ್ಟಿಗೆ ತೆಗೆಯಿರಿ ಎಂದೆ. ಅತ್ತೆ ಸಂಚಿಯಿಂದ ಕೀಲಿ ತೆಗೆದು ತೆರೆದರು. ಐದೂ ಒಳಗಿದ್ದವು, ಒಂದಕ್ಕೂ ಮಣ್ಣು ಹತ್ತಿರಲಿಲ್ಲ. ಆಮೇಲೆ ಒಲೆ ತೋರಿಸಿದೆ. ಈರಪ್ಪ ಮೊದಲು ನನ್ನ ಮುಖ ನೋಡಿದರು. ನೀನೇ ಒತ್ತಿರಬೇಕು ಎಂದು ಅವರ ಬಾಯಿಗೆ ಬಂದಿತ್ತು. ನಾನು ಉಳಿದಿದ್ದ ಹಸಿ ಮಣ್ಣಿನ ಮುದ್ದೆ ತಂದು, ಅದೇ ಕಚ್ಚಿನ ಬಿಲ್ಲೆಯನ್ನು ಅದಕ್ಕೆ ಒತ್ತಿ ತೆಗೆದು ತೋರಿಸಿದೆ. ಅಕ್ಷರ ಒಳಕ್ಕೆ ಇಳಿದಿತ್ತು, ತಿರುವಾಗಿತ್ತು. ಬಿಲ್ಲೆಯನ್ನು ಮಣ್ಣಿಗೆ ಒತ್ತಿದರೆ ಹೀಗೆಯೇ ಆಗುವುದು. ಒಲೆಯ ಮೇಲಿನದು ಉಬ್ಬಿತ್ತು, ಸರಿಯಾಗಿತ್ತು. ಬಿಲ್ಲೆಯಿಂದ ಅದು ಆಗುವುದಿಲ್ಲ, ಅಚ್ಚಿನಿಂದ ಮಾತ್ರ ಆಗುತ್ತದೆ. ಆ ಅಚ್ಚು ಹಿಡಿದ ಕೈಗಳು ಮಣ್ಣಾಗಿ ನೂರಾರು ವರ್ಷವಾಗಿದೆ. ಇನ್ನು ಕಚ್ಚು ಸರಾಫರು ಆಮೇಲೆ ಹಾಕಿದ್ದು, ಅದು ಆ ಅಚ್ಚಿನಲ್ಲೂ ಇದ್ದಿರಲಾರದು.

ಈರಪ್ಪ ಗೋಡೆಗೆ ಒರಗಿ ಕೂತುಬಿಟ್ಟರು. ಅತ್ತೆಗೆ ಮಾತ್ರ ಸಂಶಯವೇ ಇರಲಿಲ್ಲ. ನನ್ನ ಕೈಯಲ್ಲಿದ್ದ ಆ ಬಿಲ್ಲೆ ಎತ್ತಿಕೊಂಡು ಕರಿದಾರ ಹುಡುಕತೊಡಗಿದರು.

"ಆಕಿ ಬಂದಾಳ. ತನ್ನ ಬಿಲ್ಲಿ ಯಾವುದಂತ ತಾನ ತೋರಿಸ್ಯಾಳ. ಇನ್ನರ ಕಟ್ಕೋ ಬೇ, ನಿನ್ನ ಕಾಲಿಗೆ ಬೀಳ್ತೀನಿ."

ಅತ್ತೆಯ ಬಾಯಿಂದ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು. ಅಷ್ಟು ಹೆದರಿದ್ದರು ಅವರು, ಮಗನ ಮನೆ ಎರಡನೇ ಸಲ ಹಾಳಾಗುತ್ತದೆಂದು. ಕಟ್ಟಿಕೊಂಡಿದ್ದರೆ ಆ ಗಳಿಗೆಯಲ್ಲೇ ಮನೆ ತಣ್ಣಗಾಗುತ್ತಿತ್ತು. ಆದರೆ ನಾನು ಒಪ್ಪಲಿಲ್ಲ.

"ನನ್ನ ಕೊರಳ ಬೇಕಾಗಿದ್ರ ಕೊರಳಿಗೇ ಬರತಿದ್ಲು. ಅತ್ತಿ, ಇದನ್ನ ಯಾರೋ ಬೇಡಿ ಹೋಗ್ಯಾರ್ರಿ. ಅವರನ್ನ ಕರಸ್ರಿ, ಆಮ್ಯಾಲ ಮಾತಾಡೂಣು."

ನೀಲವ್ವ ಬಂದಿದ್ದಳೆಂದು ನಾನು ನಂಬಿ ಹಾಗೆ ಅಂದೆನೇ ಎಂದು ಕೇಳಬೇಡಿ. ಅವರು ಒಂದು ಅರ್ಥ ಹೇಳಿದರು, ನಾನು ಅದಕ್ಕೆ ಎದುರಾಗಿ ಇನ್ನೊಂದು ಹೇಳಿದೆ. ಮದುವೆಯಾದ ಮೇಲೆ ಮೊದಲ ಸಲ ಈರಪ್ಪ ನಡುವೆ ಬಾಯಿ ಹಾಕಿದರು. ಮುಂದಿನ ಭಾನುವಾರ ನಾನೇ ಯರಗುಪ್ಪಿಗೆ ಹೋಗಿ ಗಂಗವ್ವನನ್ನು ಕರೆದುಕೊಂಡು ಬರುತ್ತೇನೆ ಎಂದರು, ಅತ್ತೆ ಎದುರಾಡಲಿಲ್ಲ. ಅಲ್ಲಿಯವರೆಗೆ ಆ ಒಲೆ ಹೊತ್ತಿಸುವುದು ಬೇಡವೆಂದು ಅಂಗಳದಲ್ಲಿ ಮೂರು ಕಲ್ಲು ಇಟ್ಟು ರೊಟ್ಟಿ ಬಡಿದೆವು.

ಆ ವಾರದಲ್ಲಿ ನಾನು ಇದನ್ನು ಶಾಲೆಯಲ್ಲಿ ಇಬ್ಬರಿಗೆ ಹೇಳಿದೆ. ಹೇಳಬಾರದಿತ್ತು. ಒಬ್ಬರು ಬೆಳಕಿಂಡಿಯಿಂದ ಯಾರೋ ಇಳಿದಿರಬೇಕು ಎಂದರು. ನಮ್ಮ ಬೆಳಕಿಂಡಿಯಲ್ಲಿ ಬೆಕ್ಕು ಇಳಿಯುತ್ತದೆ, ಮನುಷ್ಯ ಇಳಿಯಬೇಕಾದರೆ ಭುಜಗಳನ್ನು ಮಾಳಿಗೆಯ ಮೇಲೆ ಬಿಟ್ಟು ಬರಬೇಕು. ಮುಖ್ಯೋಪಾಧ್ಯಾಯರು ಇನ್ನಷ್ಟು ಬುದ್ಧಿವಂತರು. ಬಿಲ್ಲೆಯನ್ನು ಕಣಕದಲ್ಲಿ ಒತ್ತಿ, ಕಣಕವನ್ನು ಒಣಗಿಸಿ, ಅದನ್ನು ಅಚ್ಚು ಮಾಡಿ ಮಣ್ಣಿಗೆ ಒತ್ತಿದರೆ ಉಬ್ಬು ಬರುತ್ತದೆ ಎಂದರು. ಬರುತ್ತದೆ, ಒಪ್ಪುತ್ತೇನೆ, ನಾನೇ ಮನೆಯಲ್ಲಿ ಮಾಡಿ ನೋಡಿದೆ, ಕಣಕ ಸೀಳಿ ಅಕ್ಷರ ಹರಿದುಹೋಯಿತು. ಇನ್ನೂ ಜಾಣರೊಬ್ಬರು ಚೆನ್ನಾಗಿ ಮಾಡಬಹುದು. ಆದರೆ ಕೀಲಿ ಹಾಕಿದ ಪೆಟ್ಟಿಗೆಯಿಂದ ಬಿಲ್ಲೆ ತೆಗೆದು, ಅಚ್ಚು ಮಾಡಿ, ಮರಳಿ ಇಟ್ಟು, ನಾನು ಎಂದು ಒಲೆ ಹಾಕುತ್ತೇನೆಂದು ಕಾದು, ನನ್ನ ಬೆನ್ನಿನ ಹಿಂದಿನ ಬಾಗಿಲು ತೆರೆಯದೆ ಒಳಗೆ ಹೋಗಿ ಬರುವ ಜಾಣ ನಮ್ಮ ಊರಿನಲ್ಲಿ ಯಾರೆಂದು ಕೇಳಿದೆ. ನೀನೇ ಎನ್ನುವುದು ಅವರ ಮನಸ್ಸಿನಲ್ಲಿತ್ತು.

ಭಾನುವಾರ ಗಂಗವ್ವ ಬಂದಳು. ಒಲೆಯ ವಿಷಯ ಅವಳಿಗೆ ಒಂದಕ್ಷರವೂ ಹೇಳಬೇಡಿ ಎಂದು ಈರಪ್ಪನಿಂದ ಮೊದಲೇ ಮಾತು ತೆಗೆದುಕೊಂಡಿದ್ದೆ. ನಾನು ಹಾಗೆ ಸುಲಭಕ್ಕೆ ಬಿಡುವವಳಲ್ಲ. ಐದು ಬಿಲ್ಲೆಗಳನ್ನು ತಾಟಿನಲ್ಲಿ ಹಾಕಿ, ಕೈಯಾಡಿಸಿ ಕಲಸಿ ಅವಳ ಮುಂದೆ ಇಟ್ಟೆ. ಇದರಲ್ಲಿ ನಿಮ್ಮ ಮಗಳದು ಯಾವುದೆಂದು ನಮಗೆ ತಿಳಿಯದಂತಾಗಿದೆ ಎಂದಷ್ಟೇ ಹೇಳಿದೆ. ಅತ್ತೆ ಕಂಬದ ಮರೆಯಲ್ಲಿ ನಿಂತಿದ್ದರು.

ಗಂಗವ್ವ ಕಣ್ಣು ಮುಚ್ಚಿಕೊಂಡಳು. ಒಂದೊಂದನ್ನೇ ಎತ್ತಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ಕೆಳಗಿಟ್ಟಳು. ನಾಲ್ಕನೆಯದನ್ನು ಕೆಳಗಿಡಲಿಲ್ಲ. ಪಂಚಮಿಗೆ ತವರಿಗೆ ಬಂದಾಗ ಮಗಳು ತಾಯಿಯ ಮಗ್ಗುಲಲ್ಲೇ ಮಲಗುತ್ತಿದ್ದಳಂತೆ. ಬಿಲ್ಲೆಯನ್ನು ಬಿಚ್ಚಿ ತಾಯಿಯ ಕೈಯಲ್ಲಿ ಕೊಟ್ಟು ನಿದ್ದೆ ಮಾಡುತ್ತಿದ್ದಳಂತೆ. ತಾಯಿ ಅದರ ಕಚ್ಚನ್ನು ಸವರುತ್ತ ಎಚ್ಚರವಿರುತ್ತಿದ್ದಳಂತೆ. ನಾನು ಬಗ್ಗಿ ನೋಡಿದೆ. ಕೆಳಗೆ ಬಲಕ್ಕೆ ಕಚ್ಚು. ಎರಡನೆಯ ಪುಟದ ಕೆಳಗಿನದು.

ಯಾಕೆ ಬಿಚ್ಚಿ ಕೊಡುತ್ತಿದ್ದಳು ಎಂದು ಕೇಳಿದವಳು ನಾನೇ.

"ಆಕಿಗೆ ಅದು ಸೇರತಿರಲಿಲ್ಲವ್ವ. ಕೊರಳಾಗ ಭಾರ ಆಕ್ಕೈತಿ ಅಂತಿದ್ಲು. ಅತ್ತಿ ಮನ್ಯಾಗ ಬಿಚ್ಚಾಕ ಬರೂದಿಲ್ಲಂತ ನಮ್ಮಲ್ಲಿ ಬಂದಾಗರ ಬಿಚ್ಚತಿದ್ಲು."

ಅಲ್ಲಿಯವರೆಗೆ ನೀಲವ್ವ ನನಗೆ ಬರೀ ಒಂದು ಹೆಸರಾಗಿದ್ದಳು. ಆ ಮಾತು ಕೇಳಿದಾಗ ಅವಳು ಬದುಕಿದ್ದರೆ ನನಗೆ ಗೆಳತಿಯಾಗುತ್ತಿದ್ದಳು ಅನ್ನಿಸಿತು. ಗಂಗವ್ವನ ಕೈ ಹಿಡಿದು ಅಡುಗೆ ಮನೆಗೆ ಕರೆದುಕೊಂಡು ಹೋಗಿ ಒಲೆಯ ಮುಂದೆ ಕೂರಿಸಿದೆ. ಅವಳ ಬಲಗೈಯನ್ನು ಎತ್ತಿ ಒಲೆಯ ಮೇಲೆ ಇಟ್ಟೆ. ಹೆಬ್ಬೆರಳು ತಾನಾಗಿ ಹರಿದು ಹೋಗಿ ಮಣ್ಣಿನ ಕಚ್ಚಿನಲ್ಲಿ ನಿಂತಿತು. ಆಗ ನಾನು ನಡೆದದ್ದನ್ನೆಲ್ಲ ಹೇಳಿದೆ.

ಅವಳು ಅಳಲಿಲ್ಲ, ಹೆದರಲಿಲ್ಲ. ಹೆಬ್ಬೆರಳು ಮಾತ್ರ ಕಚ್ಚಿನ ಮೇಲೆ ಆಡುತ್ತಲೇ ಇತ್ತು. ಕಡೆಗೆ ಅತ್ತೆ ಕಂಬ ಬಿಟ್ಟು ಒಳಗೆ ಬಂದರು. ತಾಟಿನಿಂದ ಆ ಬಿಲ್ಲೆಯನ್ನು ತಂದು, ತಗೊಳ್ರಿ, ತಪ್ಪಾತು ಎಂದು ಅವಳ ಉಡಿಗೆ ಹಾಕಲು ಹೋದರು. ಹೊಸ್ತಿಲು ದಾಟದ ಬೆಳ್ಳಿಯನ್ನು ಅವರು ಹಾಗೆ ಕೈಯಾರೆ ಎತ್ತಿಕೊಟ್ಟದ್ದು ನನಗೆ ಒಲೆಗಿಂತ ದೊಡ್ಡ ಆಶ್ಚರ್ಯ. ಗಂಗವ್ವ ಅವರ ಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಬೆಳ್ಳಿ ನಿಮ್ಮ ಮನಿದು, ನಿಮಗ ಇರಲಿ. ಇದನ್ನ ನನ್ನ ಮಗಳು ನನಗ ಕೊಟ್ಟಾಳ. ಇದನ್ನ ಕೊಡ್ರಿ."

ಅದನ್ನು ಕೊಟ್ಟರೆ ನನ್ನ ಕೈಯಲ್ಲಿ ಸಾಕ್ಷಿ ಏನೂ ಉಳಿಯುವುದಿಲ್ಲ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಧಾರವಾಡದ ಉಪನ್ಯಾಸಕರಿಗೆ ಬರಲು ಕಾಗದ ಬರೆದಿದ್ದೆ, ಮುಖ್ಯೋಪಾಧ್ಯಾಯರಿಗೆ ಮನೆಗೆ ಬಂದು ನೋಡಿ ಎಂದು ಸವಾಲು ಹಾಕಿದ್ದೆ. ಇನ್ನೆರಡು ದಿನ ಬಿಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಒಂದು ಪಡಿಯಚ್ಚು ಮಾತ್ರ ಮೊದಲೇ ತೆಗೆದಿದ್ದೆ. ಕುಡಗೋಲು ತಂದು, ಒಣಗಿದ ಮಣ್ಣು ಬಿರಿಯದಂತೆ ನೀರು ಚಿಮುಕಿಸುತ್ತ, ನಾನೇ ಹಾಕಿದ ಒಲೆಯ ಮುಂಭಾಗವನ್ನು ಅಂಗೈಯಗಲ ಕೊರೆದು ತೆಗೆದೆ. ನನ್ನ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿಕೊಟ್ಟೆ. ಅವಳು ಅದನ್ನು ಎದೆಗೆ ಒತ್ತಿಕೊಂಡು ಬಸ್ಸು ಹತ್ತಿದಳು. ಕಂಡಕ್ಟರು ಏನಮ್ಮ ಅದು ಎಂದು ಕೇಳಿದ್ದಕ್ಕೆ ಮಗಳು ಕೊಟ್ಟದ್ದು ಎಂದಳಂತೆ, ಜೊತೆಗೆ ಹೋಗಿದ್ದ ಈರಪ್ಪ ಬಂದು ಹೇಳಿದರು.

ಉಪನ್ಯಾಸಕರು ಬಂದಾಗ ತೂತು ಬಿದ್ದ ಒಲೆ ತೋರಿಸಿದೆ. ಎರಡು ಪಡಿಯಚ್ಚುಗಳನ್ನೂ ಕೊಟ್ಟೆ. ಅವರು ಭೂತಗನ್ನಡಿ ಹಿಡಿದು ನೋಡಿ, ಎರಡೂ ಒಂದೇ ನಾಣ್ಯದವು, ಒಂದನ್ನು ಒರಟು ಕಾಗದದ ಮೇಲೆ ತೆಗೆದಿದ್ದೀರಿ ಎಂದರು. ಅದು ಬೆಳ್ಳಿಯದಲ್ಲ, ಮಣ್ಣಿನದು ಎಂದರೆ ನಕ್ಕರು. ಅವರ ಮೇಲೆ ನನಗೆ ಸಿಟ್ಟಿಲ್ಲ, ನಾನಾಗಿದ್ದರೂ ನಗುತ್ತಿದ್ದೆ. ಚಹಾ ಕುಡಿಸಿ ಕಳಿಸಿದೆ.

ಅತ್ತೆ ಇರುವವರೆಗೆ ಮತ್ತೆ ಬಿಲ್ಲೆಯ ಮಾತು ಎತ್ತಲಿಲ್ಲ. ಐದೂ ಈಗ ನನ್ನ ವಶದಲ್ಲಿವೆ. ಒಂದನ್ನೂ ನಾನು ಕಟ್ಟಿಕೊಂಡಿಲ್ಲ. ನನಗೆ ಎರಡು ಮಕ್ಕಳಾದವು, ಎಮ್ಮೆ ಆಗಾಗ ಒದ್ದಿತು, ಹಾಲು ಆಗಾಗ ಒಡೆಯಿತು. ಎಲ್ಲ ಮನೆಗಳಲ್ಲೂ ಆಗುವುದು ನಮ್ಮ ಮನೆಯಲ್ಲೂ ಆಯಿತು.

ಆರೇಳು ವರ್ಷಗಳ ಮೇಲೆ ಗಂಗವ್ವ ತೀರಿಕೊಂಡ ಸುದ್ದಿ ಬಂತು. ನಾನೂ ಈರಪ್ಪನೂ ಯರಗುಪ್ಪಿಗೆ ಹೋದೆವು. ನಮ್ಮವರ ಪದ್ಧತಿಯಂತೆ ಅವಳನ್ನು ಕೂರಿಸಿದ್ದರು. ಎಡಗೈಯಲ್ಲಿ ಲಿಂಗವಿತ್ತು. ಬಲಗೈಯಲ್ಲಿ ಆ ಮಣ್ಣಿನ ತುಂಡು. ಹೆಬ್ಬೆರಳು ಆಡಿಸಿ ಆಡಿಸಿ ಅಕ್ಷರಗಳೆಲ್ಲ ಸವೆದು ಹೋಗಿದ್ದವು, ಕಚ್ಚು ಮಾತ್ರ ಉಳಿದಿತ್ತು. ಅದನ್ನು ತೆಗೆಯಬೇಡಿ, ಹಾಗೆಯೇ ಇಡಿ ಎಂದು ಅವಳೇ ಹೇಳಿಟ್ಟಿದ್ದಳಂತೆ. ಹಾಗೆಯೇ ಮಣ್ಣು ಮಾಡಿದರು.

ಸಾಕ್ಷಿ ಎಲ್ಲಿದೆ ಎಂದು ಕೇಳುವವರಿಗೆ ನನ್ನ ಉತ್ತರ ಇದು. ಸಾಕ್ಷಿ ಅವಳ ಕೈಯಲ್ಲಿದೆ, ಅದನ್ನು ಬೇಡಲು ನಾನು ಹೋಗುವುದಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಹಸಿ ಮಣ್ಣಿಗೆ ಅಚ್ಚು ಹೊಡೆದವರು ಯಾರು, ಏಟಿನ ಸದ್ದು ನನಗೇಕೆ ಕೇಳಲಿಲ್ಲ, ಈ ಪ್ರಶ್ನೆಗಳನ್ನು ಈಗಲೂ ನನ್ನನ್ನು ನಾನು ಕೇಳಿಕೊಳ್ಳುತ್ತೇನೆ. ಉತ್ತರ ಸಿಕ್ಕಿಲ್ಲ. ಸಿಗದೇ ಹೋದರೂ ನಡೆಯುತ್ತದೆ. ಅದು ನನ್ನನ್ನು ಹೆದರಿಸಲು ಬಂದದ್ದು ಎಂದು ಮಾತ್ರ ನನ್ನ ಮುಂದೆ ಯಾರೂ ಹೇಳಬೇಡಿ. ಆ ಮುದುಕಿಯ ಕೈಯನ್ನು ನೀವು ನೋಡಿಲ್ಲ, ನಾನು ನೋಡಿದ್ದೇನೆ.